ವಾರ್ಡಿಗೆ ಕಾರ್ಪೊರೇಟರೇ ಇಲ್ಲ, ಅದು ತಪ್ಪು ಅಂತಾನೂ ಯಾರಿಗೂ ಅನ್ನಿಸ್ತಿಲ್ಲ

ಸಿಟ್ಟು ತಡ್ಕೊಳ್ಳೋಕಾಗ್ತಿಲ್ಲ, ಅದಕ್ಕೇ ಬರೀತಿದೀನಿ, ಉದ್ದ ಆಗುತ್ತೆ. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ, ಅಂದ್ರೆ ಬೆಂಗಳೂರು ಮಹಾನಗರ ಪಾಲಿಕೆ ಕೌನ್ಸಿಲ್ ಅವಧಿ ಮುಗೀತು. ಅವತ್ತಿಂದ ಬೆಂಗಳೂರಿಗೆ ಮೇಯರ್ ಇಲ್ಲ, ಯಾವ ವಾರ್ಡಿಗೂ ಕಾರ್ಪೊರೇಟರ್ ಇಲ್ಲ. ಐದು ವರ್ಷದ ಮೇಲಾಯ್ತು. ಒಂದು ಇಡೀ ಕೌನ್ಸಿಲ್ ಗೆದ್ದು ಬಂದು, ಆಡಳಿತ ನಡೆಸಿ, ಅವಧಿ ಮುಗಿಸಿ ಮನೆಗೆ ಹೋಗ್ಬೇಕಾಗಿದ್ದಷ್ಟು ಕಾಲ ಹಾಗೇ ಖಾಲಿ ಹೋಗಿದೆ. ಕೋಟಿಗಟ್ಟಲೆ ಜನ ಇರೋ ಊರು ಇದು.

ಮೊನ್ನೆ ಆಗಿದ್ದು ಹೇಳ್ತೀನಿ. ನಮ್ಮ ಕ್ರಾಸ್ ಮೂಲೇಲಿ ಮೋರಿ ಮೇಲಿನ ಚಪ್ಪಡಿ ಮುರಿದು ಅರ್ಧ ಒಳಗೆ ಕುಸಿದು ತಿಂಗಳುಗಟ್ಟಲೆ ಆಗಿದೆ. ಕೇಬಲ್‌ನೋರು ಅಗೆದು ಹೋದ್ಮೇಲೆ ಆಗಿದ್ದು ಅದು, ಯಾರೂ ಮುಚ್ಚಿಲ್ಲ. ಯಾರೋ ಪುಣ್ಯಾತ್ಮರು ಒಂದು ತೆಂಗಿನ ಗರಿ ಚುಚ್ಚಿ ಅದರ ಪಕ್ಕ ಮುರುಕಲು ಪ್ಲಾಸ್ಟಿಕ್ ಚೇರ್ ಇಟ್ಟಿದ್ರು, ಮಳೆ ಬಂದಾಗ ಚೇರೂ ಕೊಚ್ಕೊಂಡು ಹೋಯ್ತು, ನೀರು ನಿಂತ್ರೆ ಗುಂಡಿ ಯಾವುದು ರಸ್ತೆ ಯಾವುದು ಗೊತ್ತಾಗಲ್ಲ. ಪಕ್ಕದ್ಮನೆ ಅಜ್ಜಿ ಬೆಳಗ್ಗೆ ಕತ್ತಲೇಲಿ ಹಾಲು ತರೋಕೆ ಹೋಗಿ ಕಾಲು ಒಳಗೆ ಇಳೀತು, ಹಿಮ್ಮಡಿ ಹತ್ರ ಮೂಳೆ ಬಿರುಕು ಬಿಟ್ಟಿದೆ, ಈಗ ಮಂಚದ ಮೇಲೆ. ಆಪಲ್ಲಿ ಫೋಟೋ ಸಮೇತ ಕಂಪ್ಲೇಂಟ್ ಹಾಕಿದ್ರೆ ಯಾರೂ ಬಂದು ನೋಡದೇನೇ ಕ್ಲೋಸ್ ಮಾಡಿದಾರೆ. ವಾರ್ಡ್ ಆಫೀಸಿಗೆ ಹೋದ್ರೆ ಇಂಜಿನಿಯರ್ ಹೇಳ್ತಾರೆ, "ಎಸ್ಟಿಮೇಟ್ ಕಳ್ಸಿದೀನಿ ಮೇಡಂ, ಜಾಬ್ ಕೋಡ್ (ಕಾಮಗಾರಿಗೆ ಒಪ್ಪಿಗೆ ನಂಬರ್) ಬಂದಿಲ್ಲ, ನನ್ನ ಕೈಲಿ ಏನಿದೆ ಹೇಳಿ." ಸರಿ ಅಂತ ಎಂಎಲ್‌ಎ ಆಫೀಸಿಗೆ ಹೋದೆ. ಅಲ್ಲಿ ಕೂತಿದ್ದ ಹುಡುಗ ನನ್ನ ಅರ್ಜಿನ ಪೂರ್ತಿ ಓದೋಕೆ ಮುಂಚೇನೇ ಹೇಳ್ದ, "ಅಕ್ಕ, ಚಪ್ಪಡಿ ಎಲ್ಲ ಕಾರ್ಪೊರೇಟರ್ ಕೆಲ್ಸ, ಅಣ್ಣ ಎಷ್ಟು ಅಂತ ನೋಡ್ತಾರೆ."

ಯಾವ ಕಾರ್ಪೊರೇಟರ್ ಸ್ವಾಮಿ? ಎಲ್ಲಿದಾರೆ? ನನಗೆ ಅಲ್ಲೇ ಕಿರುಚಬೇಕು ಅನ್ನಿಸ್ತು. ಆ ಹುಡುಗ ಕೆಟ್ಟೋನಲ್ಲ, ಅವನ ಬಾಯಲ್ಲಿ ಆ ಮಾತು ಅಷ್ಟು ಸಲೀಸಾಗಿ ಬಂತಲ್ಲ, ಅದು ಹೊಟ್ಟೆ ಉರಿಸ್ತು. ಇಲ್ಲದೇ ಇರೋ ಮನುಷ್ಯನ ಮೇಲೆ ಕೆಲಸ ಹೊರಿಸೋದು ಅಭ್ಯಾಸ ಆಗೋಗಿದೆ ಎಲ್ಲರಿಗೂ.

ಈಗ ಸಂವಿಧಾನದಲ್ಲಿ ಏನಿದೆ ಅಂತ ಹೇಳ್ತೀನಿ, ಯಾಕಂದ್ರೆ ಸುಮಾರು ಜನ ಇದು ಸರ್ಕಾರ ಮನಸ್ಸು ಮಾಡಿದ್ರೆ ಮಾಡೋ ಕೆಲಸ, ಇಲ್ಲಾಂದ್ರೆ ಇಲ್ಲ ಅಂದ್ಕೊಂಡಿದಾರೆ. ಅಲ್ಲ. 74ನೇ ತಿದ್ದುಪಡಿ 1992ರಲ್ಲಿ ಪಾಸಾಗಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರಲ್ಲಿ 243ಯು ವಿಧಿ ಅಂತ ಇದೆ. ನಗರ ಸಂಸ್ಥೆ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯೋದ್ರೊಳಗೆ ಎಲೆಕ್ಷನ್ ಮುಗಿಸಬೇಕು, ಮಧ್ಯದಲ್ಲಿ ವಿಸರ್ಜನೆ ಆದ್ರೆ ಆರು ತಿಂಗಳೊಳಗೆ ಮುಗಿಸಬೇಕು. ಅಷ್ಟೇ. "ಸಾಧ್ಯ ಆದ್ರೆ" ಅಂತ ಇಲ್ಲ, "ವಾರ್ಡ್ ವಿಂಗಡಣೆ ಮುಗಿದ ಮೇಲೆ" ಅಂತ ಇಲ್ಲ. ಲೋಕಸಭೆ, ವಿಧಾನಸಭೆಗೆ ಐದು ವರ್ಷ ಅಂತ ಬರೆದಿರೋದು ಯಾವ ಪುಸ್ತಕದಲ್ಲೋ ಇದನ್ನ ಬರೆದಿರೋದೂ ಅದೇ ಪುಸ್ತಕದಲ್ಲೇ.

ಲೋಕಸಭೆ ಅವಧಿನ ವಿಸ್ತರಿಸಬೇಕು ಅಂದ್ರೆ ತುರ್ತು ಪರಿಸ್ಥಿತಿ ಇರಬೇಕು, ಆಗ್ಲೂ ಒಂದು ಸಲಕ್ಕೆ ಒಂದೇ ವರ್ಷ, ಅದೂ ಪಾರ್ಲಿಮೆಂಟ್ ಕಾನೂನು ಮಾಡಿ. 1976ರಲ್ಲಿ ಹಾಗೆ ಮಾಡಿದ್ದನ್ನ ಇವತ್ತಿಗೂ ಕರಾಳ ದಿನಗಳು ಅಂತ ಪ್ರತಿ ಜೂನ್‌ನಲ್ಲಿ ಭಾಷಣ ಹೊಡೀತಾರೆ. ನಮ್ಮೂರಲ್ಲಿ ಯಾವ ತುರ್ತು ಪರಿಸ್ಥಿತೀನೂ ಇಲ್ಲದೆ ಒಂದು ಚುನಾಯಿತ ಸಭೇನ ಐದು ವರ್ಷಕ್ಕಿಂತ ಜಾಸ್ತಿ ಕಾಲ ಇಲ್ಲದ ಹಾಗೆ ಮಾಡಿದಾರೆ, ಒಂದು ಬಂದ್ ಇಲ್ಲ, ಒಂದು ಧರಣಿ ನೆಟ್ಟಗೆ ಆಗ್ಲಿಲ್ಲ.

ಕೊರೋನಾ ಇತ್ತಲ್ಲ ಅಂತ ಹೇಳ್ಬೇಡಿ ದಯವಿಟ್ಟು. ಅದೇ 2020ರ ಕೊನೇಲಿ ಬಿಹಾರ ವಿಧಾನಸಭೆ ಎಲೆಕ್ಷನ್ ಆಯ್ತು. ಅದೇ ಡಿಸೆಂಬರ್‌ನಲ್ಲಿ ಇದೇ ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಎಲೆಕ್ಷನ್ ಎರಡು ಹಂತದಲ್ಲಿ ಆಯ್ತು, ಜನ ಮಾಸ್ಕ್ ಹಾಕ್ಕೊಂಡು ಕ್ಯೂ ನಿಂತು ಓಟ್ ಹಾಕಿದ್ರು. 2023ರ ಮೇನಲ್ಲಿ ವಿಧಾನಸಭೆಗೆ ಇದೇ ಬೆಂಗಳೂರು ಓಟ್ ಹಾಕ್ತು, 2024ರ ಏಪ್ರಿಲ್‌ನಲ್ಲಿ ಲೋಕಸಭೆಗೆ ಹಾಕ್ತು. ಬೂತ್ ಇತ್ತು, ಮಷೀನ್ ಇತ್ತು, ಟೀಚರ್‌ಗಳು ಡ್ಯೂಟಿಗೆ ಬಂದಿದ್ರು, ಬೆರಳಿಗೆ ಹಚ್ಚೋ ಶಾಯಿ ನಮ್ಮ ಮೈಸೂರಿಂದಾನೇ ಬಂತು. ಪಾಲಿಕೆ ಅಂದ ತಕ್ಷಣ ಮಾತ್ರ ಏನೂ ರೆಡಿ ಇರಲ್ಲ!

ಹೇಗೆ ತಪ್ಪಿಸಿದ್ರು ನೋಡಿ. ನಾವು ಸ್ಕೂಲಲ್ಲಿ ಓದಿದ್ವಲ್ಲ ಶಾಸಕಾಂಗ ಕಾರ್ಯಾಂಗ ನ್ಯಾಯಾಂಗ ಅಂತ, ಮೂರೂ ಒಂದಾದ್ಮೇಲೊಂದು ಕೆಲಸ ಮಾಡಿವೆ ಇಲ್ಲಿ, ಯಾವುದೂ ಸುಮ್ನೆ ಕೂತಿಲ್ಲ, ಅದೇ ನನಗೆ ತಲೆ ಕೆಡಿಸೋದು. ಇದ್ದಿದ್ದು 198 ವಾರ್ಡ್. ಅವಧಿ ಮುಗಿಯೋ ಹೊತ್ತಿಗೆ ಸರಿಯಾಗಿ ವಾರ್ಡ್ ಜಾಸ್ತಿ ಮಾಡ್ತೀವಿ ಅಂತ ಶಾಸಕಾಂಗ ಕಾನೂನು ತಿದ್ದಿತು, 243 ಅಂತು. 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ತಿದ್ದುಪಡಿ ಈ ಎಲೆಕ್ಷನ್‌ಗೆ ಅನ್ವಯ ಆಗಲ್ಲ, 198ಕ್ಕೇ ಎಲೆಕ್ಷನ್ ಮಾಡಿ ಅಂತ ಆದೇಶ ಕೊಡ್ತು. ಸರ್ಕಾರ ಸುಪ್ರೀಂ ಕೋರ್ಟಿಗೆ ಓಡ್ತು, ಅದೇ ತಿಂಗಳಲ್ಲಿ ಸ್ಟೇ ತಂತು. ಆ ಸ್ಟೇ ಮೇಲೆ ಒಂದೂವರೆ ವರ್ಷ ಕೂತ್ರು. 2022ರ ಮೇನಲ್ಲಿ ಮಧ್ಯಪ್ರದೇಶದ ಕೇಸಲ್ಲಿ ಸುಪ್ರೀಂ ಕೋರ್ಟೇ ಸ್ಪಷ್ಟವಾಗಿ ಹೇಳ್ತು, ವಾರ್ಡ್ ವಿಂಗಡಣೆ ಮುಗಿದಿಲ್ಲ, ಒಬಿಸಿ ಮೀಸಲಾತಿ ಲೆಕ್ಕ ಮುಗಿದಿಲ್ಲ ಅಂತ ಸ್ಥಳೀಯ ಸಂಸ್ಥೆ ಎಲೆಕ್ಷನ್ ಮುಂದೂಡೋ ಹಾಗಿಲ್ಲ ಅಂತ. ಆಮೇಲೆ 243 ವಾರ್ಡ್ ನಕ್ಷೆ ಬಂತು, ಮೀಸಲಾತಿ ಪಟ್ಟಿ ಬಂತು, ಆ ಪಟ್ಟಿ ಸರಿಯಿಲ್ಲ ಅಂತ ಹೈಕೋರ್ಟ್ ರದ್ದು ಮಾಡ್ತು. 2023ರಲ್ಲಿ ಬೇರೆ ಪಕ್ಷದ ಸರ್ಕಾರ ಬಂತು, 243 ಬೇಡ 225 ಅಂತು. ಅದಕ್ಕೂ ಎಲೆಕ್ಷನ್ ಇಲ್ಲ. ಆಮೇಲೆ ಪಾಲಿಕೇನೇ ಬೇಡ ಅಂತ ಗ್ರೇಟರ್ ಬೆಂಗಳೂರು ಕಾಯ್ದೆ ತಂದ್ರು, ರಾಜ್ಯಪಾಲರು ಒಂದ್ಸಲ ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದ್ರು, 2025ರ ಮೇ 15ಕ್ಕೆ ಜಾರಿ ಆಯ್ತು, ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆಯ್ತು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ವಾರ್ಡ್ ಸಂಖ್ಯೆ ಈಗ 369. ಬೋರ್ಡ್ ಬದಲಾಯ್ತು, ಲೆಟರ್‌ಹೆಡ್ ಬದಲಾಯ್ತು, ಚಪ್ಪಡಿ ಅಲ್ಲೇ ಇದೆ.

ಇದರಲ್ಲಿ ಒಂದೊಂದು ಹೆಜ್ಜೇನೂ ಬಿಡಿಬಿಡಿಯಾಗಿ ನೋಡಿದ್ರೆ ಕಾನೂನು ಪ್ರಕಾರಾನೇ ಇದೆ. ಶಾಸನ ಮಾಡೋ ಅಧಿಕಾರ ವಿಧಾನಸಭೆಗಿದೆ. ಸ್ಟೇ ಕೊಡೋ ಅಧಿಕಾರ ಕೋರ್ಟಿಗಿದೆ. ಬಿಲ್ ವಾಪಸ್ ಕಳಿಸೋ ಅಧಿಕಾರ ರಾಜ್ಯಪಾಲರಿಗೆ 200ನೇ ವಿಧಿ ಕೊಟ್ಟಿದೆ. ಎಲ್ಲರೂ ಅವರವರ ಅಧಿಕಾರ ಬಳಸಿದ್ರು, ಒಬ್ಬರೂ ನಿಯಮ ಮುರೀಲಿಲ್ಲ, ಕೊನೆಗೆ ಮುರಿದಿದ್ದು ಸಂವಿಧಾನದ 243ಯು. ಹೊಣೆ ಯಾರದು ಅಂತ ಕೇಳಿದ್ರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ.

ಚುನಾವಣಾ ಆಯೋಗ ಏನ್ಮಾಡ್ತಿದೆ ಅಂತ ಕೇಳ್ತೀರ. ಇದು ದಿಲ್ಲೀಲಿರೋ ಆಯೋಗ ಅಲ್ಲ, ಪಾಲಿಕೆ ಪಂಚಾಯ್ತಿಗಳಿಗೆ ಬೇರೇನೇ ರಾಜ್ಯ ಚುನಾವಣಾ ಆಯೋಗ ಇದೆ, 243ಕೆ ವಿಧಿ ಪ್ರಕಾರ. ಆಯುಕ್ತರನ್ನ ರಾಜ್ಯಪಾಲರು ನೇಮಿಸ್ತಾರೆ, ತೆಗೀಬೇಕು ಅಂದ್ರೆ ಹೈಕೋರ್ಟ್ ಜಡ್ಜನ್ನ ತೆಗೆಯೋ ವಿಧಾನಾನೇ ಬೇಕು. ಕೇಳೋಕೆ ಎಷ್ಟು ಗಟ್ಟಿ ಹುದ್ದೆ. ಆದರೆ ವಾರ್ಡ್ ಗಡಿ ಎಳೆಯೋದು ರಾಜ್ಯ ಸರ್ಕಾರ, ಯಾವ ವಾರ್ಡ್ ಯಾರಿಗೆ ಮೀಸಲು ಅಂತ ಪಟ್ಟಿ ಕೊಡೋದೂ ರಾಜ್ಯ ಸರ್ಕಾರ. ಆ ಎರಡು ಕೈಗೆ ಬರೋವರೆಗೆ ಆಯೋಗ ದಿನಾಂಕ ಘೋಷಿಸೋಕಾಗಲ್ಲ. ಎಂಎಲ್‌ಎ ಕ್ಷೇತ್ರದ ಗಡಿ ಎಳೆಯೋಕೆ ಸುಪ್ರೀಂ ಕೋರ್ಟ್ ಜಡ್ಜ್ ಅಧ್ಯಕ್ಷತೇಲಿ ಬೇರೆ ಆಯೋಗಾನೇ ಮಾಡ್ತಾರೆ, ನಮ್ಮ ವಾರ್ಡ್ ಗಡಿ ಮಾತ್ರ ಎಲೆಕ್ಷನ್ ಬೇಡ ಅನ್ನೋರ ಕೈಲೇ. ಪರೀಕ್ಷೆ ಬರೆಯೋ ಹುಡುಗನ ಕೈಗೇ ಟೈಮ್ ಟೇಬಲ್ ಕೊಟ್ಟ ಹಾಗಿದೆ ಇದು.

ಯಾಕೆ ಬೇಡ ಅಂದ್ರೆ ಗೊತ್ತಿರೋದೇ. ಪಾಲಿಕೆ ವ್ಯಾಪ್ತೀಲಿ 28 ವಿಧಾನಸಭಾ ಕ್ಷೇತ್ರ. ಕಾರ್ಪೊರೇಟರ್‌ಗಳು ಬಂದ್ರೆ ರಸ್ತೆ, ಮೋರಿ, ಬೀದಿ ದೀಪ, ಪಾರ್ಕು, ಕಸ ಎಲ್ಲದರಲ್ಲೂ ಅವರಿಗೂ ಒಂದು ಮಾತು ಇರುತ್ತೆ. ಸಂವಿಧಾನದ 12ನೇ ಅನುಸೂಚೀಲಿ ಅಂಥ 18 ವಿಷಯ ಪಟ್ಟಿ ಮಾಡಿದಾರೆ. ಅವರಿಲ್ಲಾಂದ್ರೆ ಅಷ್ಟೂ ಎಂಎಲ್‌ಎ ಮತ್ತೆ ಅಧಿಕಾರಿಗಳ ಮಧ್ಯೆ ಮುಗಿಯುತ್ತೆ. ಐದೂ ಪಾಲಿಕೆ ಮೇಲಿರೋ ಹೊಸ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಅಧ್ಯಕ್ಷರು ಯಾರು ಗೊತ್ತಲ್ಲ, ಮುಖ್ಯಮಂತ್ರಿ. ಇಡೀ ರಾಜ್ಯ ನೋಡ್ಬೇಕಾದೋರು, ಬೀದರ್‌ನಿಂದ ಚಾಮರಾಜನಗರದವರೆಗೆ. ಅವರು ನಮ್ಮ ಕ್ರಾಸಿನ ಮೋರಿ ಬಗ್ಗೆ ಯಾವಾಗ ಯೋಚ್ನೆ ಮಾಡ್ಬೇಕು? ಕಾನೂನು ಮಾಡೋಕೆ ಅಂತ ನಾವು ಆರಿಸಿದ ಎಂಎಲ್‌ಎ ಸದನದಲ್ಲಿ ಬಿಲ್ ಓದೋದು ಬಿಟ್ಟು ಗುದ್ದಲಿ ಪೂಜೆ ಮಾಡ್ಕೊಂಡು ಓಡಾಡ್ತಾರೆ, ಆ ಕಡೆ ಗದ್ದಲದ ಮಧ್ಯೆ ಬಿಲ್‌ಗಳು ಚರ್ಚೇನೇ ಇಲ್ಲದೆ ಪಾಸಾಗ್ತವೆ. ಎರಡೂ ಕೆಲಸ ಹಾಳು.

ದುಡ್ಡಿನ ವಿಷಯಕ್ಕಂತೂ ನನಗೆ ಮೈ ಉರಿಯುತ್ತೆ. ಏಪ್ರಿಲ್ ಬಂದ್ರೆ ಸಾಕು, ಐದು ಪರ್ಸೆಂಟ್ ರಿಯಾಯಿತಿ ಸಿಗುತ್ತೆ ಅಂತ ಎಲ್ಲರೂ ಓಡಿ ಹೋಗಿ ಆಸ್ತಿ ತೆರಿಗೆ ಕಟ್ತೀವಿ. ಬಾಕಿ ಇದ್ರೆ ನೋಟಿಸ್, ಬಡ್ಡಿ, ಅಂಗಡಿಗೆ ಬೀಗ. 2025-26ಕ್ಕೆ ಬಿಬಿಎಂಪಿ ಬಜೆಟ್ ಸುಮಾರು 20 ಸಾವಿರ ಕೋಟಿ. ಆ ಬಜೆಟ್ಟಿಗೆ ಒಪ್ಪಿಗೆ ಕೊಟ್ಟಿದ್ದು ಕೌನ್ಸಿಲ್ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಒಬ್ಬ ಚುನಾಯಿತ ಪ್ರತಿನಿಧಿ ಎದ್ದು ನಿಂತು "ನಮ್ಮ ವಾರ್ಡಿಗೆ ಎಷ್ಟು, ಅವರ ವಾರ್ಡಿಗೆ ಯಾಕೆ ಅಷ್ಟು" ಅಂತ ಕೇಳಲಿಲ್ಲ, ಕೇಳೋಕೆ ಸಭೇನೇ ಇಲ್ಲ. ಮುಂಚೆ ಕೌನ್ಸಿಲ್ ಮೀಟಿಂಗಲ್ಲಿ ಕೂಗಾಡ್ತಿದ್ರು, ಮೈಕ್ ಕಿತ್ಕೊಳ್ತಿದ್ರು, ಅಸಹ್ಯ ಅನ್ನಿಸ್ತಿತ್ತು ನಿಜ. ಆದ್ರೆ ಆ ಕೂಗಾಟದಲ್ಲೇ ಮರುದಿನ ಪೇಪರಲ್ಲಿ ಯಾವ ಟೆಂಡರ್ ಯಾರಿಗೆ ಹೋಯ್ತು ಅಂತ ಬರ್ತಿತ್ತು.

ಕಾರ್ಪೊರೇಟರ್‌ಗಳೇನು ಸಾಚಾನಾ, ಅವರೂ ಕಳ್ಳರೇ, ಇಲ್ಲದಿದ್ರೇನೇ ಒಳ್ಳೇದು ಅಂತ ನಮ್ಮ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಹೇಳೋರನ್ನ ಕಂಡ್ರೆ ನನಗೆ ಸಿಟ್ಟು ಇನ್ನೂ ಜಾಸ್ತಿ ಆಗುತ್ತೆ. ಕೆಟ್ಟ ಕಾರ್ಪೊರೇಟರನ್ನ ಮುಂದಿನ ಸಲ ಸೋಲಿಸಬಹುದು. ಮನೆ ಮುಂದೆ ಹೋಗಿ ನಿಂತು ಬೈಬಹುದು, ಯಾಕಂದ್ರೆ ಅವರ ಮನೆ ಎರಡು ಕ್ರಾಸ್ ಆಚೆ ಇರುತ್ತೆ. ಟ್ರಾನ್ಸ್‌ಫರ್ ಆಗಿ ಹೋಗೋ ಆಫೀಸರನ್ನ ಹೇಗೆ ಸೋಲಿಸ್ತೀರ? ನಿಮಗೆ ಬೋರ್‌ವೆಲ್ ಇದೆ, ಟ್ಯಾಂಕರ್ ತರಿಸೋಕೆ ದುಡ್ಡಿದೆ, ಗೇಟಲ್ಲಿ ಸೆಕ್ಯೂರಿಟಿ ಇದಾರೆ. ಸ್ಲಮ್ಮಲ್ಲಿರೋ ನಮ್ಮ ಕೆಲಸದ ಲಕ್ಷ್ಮಮ್ಮನಂಥೋರು ಪಿಂಚಣಿ ಅರ್ಜಿಗೆ, ನಲ್ಲಿ ನೀರಿಗೆ, ಸ್ಕೂಲ್ ಸೀಟಿಗೆ ಹೋಗ್ತಿದ್ದಿದ್ದೇ ಕಾರ್ಪೊರೇಟರ್ ಮನೆ ಬಾಗಿಲಿಗೆ.

ಇನ್ನೊಂದು, ಇದನ್ನ ಯಾರೂ ಮಾತಾಡಲ್ಲ. ಪಾಲಿಕೇಲಿ ಅರ್ಧ ಸೀಟು ಹೆಂಗಸರಿಗೆ. 224 ಜನರ ವಿಧಾನಸಭೆಗೆ 2023ರಲ್ಲಿ ಗೆದ್ದ ಹೆಂಗಸರು 10. ಐದು ವರ್ಷ ಪಾಲಿಕೆ ಮುಚ್ಚಿದ್ದಕ್ಕೆ ಈ ಊರಲ್ಲಿ ನೂರು ಜನ ಹೆಂಗಸರು ರಾಜಕೀಯ ಕಲಿಯೋ ಜಾಗಾನೇ ಹೋಯ್ತು. ಮೊದಲ್ನೇ ಸಲ ಗೆದ್ದೋರು ಗಂಡನ ಹೆಸರಲ್ಲೇ ಗೆದ್ದಿರ್ಲಿ, ಎರಡನೇ ವರ್ಷಕ್ಕೆ ತಾವೇ ಇಂಜಿನಿಯರಿಗೆ ಫೋನ್ ಮಾಡಿ ಜೋರು ಮಾಡೋರು ಆಗ್ತಿದ್ರು, ನಾನೇ ನಮ್ಮ ವಾರ್ಡಲ್ಲಿ ನೋಡಿದೀನಿ.

ಇದು ಯಾವ ರಾಜ್ಯ ಅಂತ ನೆನಪಿಸಿಕೊಳ್ಳಿ. 73 (ಅದು ಪಂಚಾಯ್ತಿಗಳದ್ದು), 74ನೇ ತಿದ್ದುಪಡಿ ಬರೋದಕ್ಕೆ ಎಷ್ಟೋ ಮುಂಚೆ, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯ್ತಿ ಮಂತ್ರಿ ಆಗಿದ್ದ ನಜೀರ್ ಸಾಬ್ ಪಂಚಾಯತ್ ಕಾಯ್ದೆ ತಂದು, 1987ರಲ್ಲಿ ಎಲೆಕ್ಷನ್ ಮಾಡಿಸಿ, ನಾಲ್ಕನೇ ಒಂದು ಭಾಗ ಸೀಟನ್ನ ಹೆಂಗಸರಿಗೆ ಇಟ್ಟಿದ್ರು. ಊರೂರಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸ್ಕೊಂಡೋರು. ದೇಶ ನಮ್ಮನ್ನ ನೋಡಿ ಕಲೀತು. ಅದೇ ರಾಜ್ಯದಲ್ಲಿ ಜಿಲ್ಲಾ ಪಂಚಾಯ್ತಿ ತಾಲ್ಲೂಕು ಪಂಚಾಯ್ತಿ ಅವಧಿ 2021ರಲ್ಲೇ ಮುಗಿದಿದೆ, ಅಲ್ಲೂ ಎಲೆಕ್ಷನ್ ಇಲ್ಲ, ಅಲ್ಲೂ ಕ್ಷೇತ್ರ ವಿಂಗಡಣೆ ಅಧಿಕಾರಾನ ಚುನಾವಣಾ ಆಯೋಗದಿಂದ ಕಿತ್ಕೊಂಡು ಬೇರೆ ಆಯೋಗಕ್ಕೆ ಕೊಟ್ರು. ಮಾಗಡಿ ಹತ್ರ ಇರೋ ನಮ್ಮ ಸೋದರಮಾವ ಫೋನ್ ಮಾಡಿದಾಗ ಅವರ ಕಡೆ ರಸ್ತೆ ಕಥೇನೂ ಇದೇ.

ಬೆಂಗಳೂರಿಗೆ ಇದು ಹೊಸದೂ ಅಲ್ಲ. 2006ರ ಕೊನೇಲಿ ಹಿಂದಿನ ಕೌನ್ಸಿಲ್ ಹೋದ್ಮೇಲೆ ಬಿಬಿಎಂಪಿ ಅಂತ ದೊಡ್ಡದು ಮಾಡಿ 2010ರ ಮಾರ್ಚ್‌ವರೆಗೆ ಎಲೆಕ್ಷನ್ ಮಾಡ್ಲಿಲ್ಲ. 2015ರಲ್ಲಿ ಕೌನ್ಸಿಲ್ ವಿಸರ್ಜಿಸಿ ಪಾಲಿಕೇನ ಒಡೀತೀವಿ ಅಂತ ಹೊರಟ್ರು, ಕೋರ್ಟ್ ಮೆಟ್ಟಿಲು ಹತ್ತಿದ ಮೇಲೇನೇ ಆಗಸ್ಟ್‌ನಲ್ಲಿ ಓಟ್ ಆಗಿದ್ದು. ಪ್ರತಿ ಸಲ ಅವಧಿ ಮುಗಿಯೋ ಹೊತ್ತಿಗೇ ಇವರಿಗೆ ಊರು ಸುಧಾರಿಸೋ ಹೊಸ ಯೋಚ್ನೆ ಹೊಳೆಯುತ್ತೆ. ಮೂರೂ ಪಕ್ಷ ಸೇರಿಸಿ ಹೇಳ್ತಿದೀನಿ, ಕಾಮೆಂಟಲ್ಲಿ ನಿಮ್ಮ ಪಕ್ಷ ನಮ್ಮ ಪಕ್ಷ ಅಂತ ಶುರು ಮಾಡ್ಬೇಡಿ.

ನನಗೆ ಐದು ಪಾಲಿಕೆ ಆದ್ರೂ ಸರಿ, ಒಂದೇ ಆದ್ರೂ ಸರಿ, 198 ಆದ್ರೂ 369 ಆದ್ರೂ ಸರಿ. ನನ್ನ ವಾರ್ಡಿಗೆ ನಾನು ಓಟ್ ಹಾಕಿ ಆರಿಸಿದ ಒಬ್ಬ ಮನುಷ್ಯ ಬೇಕು. ಅಜ್ಜಿ ಮಗ ಈಗ ಆಸ್ಪತ್ರೆ ಬಿಲ್ ಹಿಡ್ಕೊಂಡು ಯಾರ ಹತ್ರ ಪರಿಹಾರ ಕೇಳ್ಬೇಕು ಅಂತ ನನ್ನನ್ನ ಕೇಳ್ತಿದಾನೆ, ನಾಳೆ ಅವನ ಜೊತೆ ಪಾಲಿಕೆ ಆಯುಕ್ತರ ಆಫೀಸಿಗೆ ಹೋಗ್ತಿದೀನಿ. ಅರ್ಜೀಲಿ ಚಪ್ಪಡಿ ವಿಷಯದ ಕೆಳಗೆ 243ಯು ಅಂತಾನೂ ಬರೆದಿದೀನಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬರೋದು. ನಮ್ಮ ವಾರ್ಡಿನೋರು ಯಾರಾದ್ರೂ ಬರೋ ಹಾಗಿದ್ರೆ ಹನ್ನೊಂದು ಗಂಟೆಗೆ ಬನ್ನಿ.