ಮಸೆಕೆಲಾ ಹೆಸರಿನ ಹಿಂದೆ ಉಳಿದುಹೋದ ಹೆಜೊಲೆ ಸೌಂಡ್ಸ್

ದಕ್ಷಿಣ ಆಫ್ರಿಕಾದ ಟ್ರಂಪೆಟ್ ವಾದಕ ಹ್ಯೂ ಮಸೆಕೆಲಾ ಅಂದರೆ ಸಾಕು, ಎಲ್ಲರೂ 'ಗ್ರೇಜಿಂಗ್ ಇನ್ ದ ಗ್ರಾಸ್' ಅನ್ನುತ್ತಾರೆ. 1968ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆದ ಟ್ಯೂನ್ ಅದು. ಇನ್ನೂ ಸ್ವಲ್ಪ ಜಾಸ್ತಿ ಕೇಳಿದವರು ಮಂಡೇಲಾ ಬಿಡುಗಡೆಗಾಗಿ ಅವರು ಹಾಡಿದ 'ಬ್ರಿಂಗ್ ಹಿಮ್ ಬ್ಯಾಕ್ ಹೋಮ್' ನೆನಪಿಸಿಕೊಳ್ಳುತ್ತಾರೆ. ಎರಡೂ ನನಗೆ ಇಷ್ಟವೇ. ಆದರೆ ಅವರ ಟ್ರಂಪೆಟ್ ಅತ್ಯಂತ ಚೆನ್ನಾಗಿ ಕೇಳಿಸುವುದು ಘಾನಾದ ಹೆಜೊಲೆ ಸೌಂಡ್ಸ್ ಬ್ಯಾಂಡ್ ಜೊತೆ ಮಾಡಿದ 1973ರ 'ಇಂಟ್ರಡ್ಯೂಸಿಂಗ್ ಹೆಜೊಲೆ ಸೌಂಡ್ಸ್' ಆಲ್ಬಮ್‌ನಲ್ಲಿ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಇಂಥ ಆಲ್ಬಮ್ ಬಗ್ಗೆ ಇಷ್ಟು ಕಡಿಮೆ ಮಾತು ಯಾಕೆ ಅನ್ನುವುದೇ ನನ್ನ ಬೇಸರ.

ಇದು ಹುಟ್ಟಿದ ಬಗೆ ಕೇಳಿ. 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ವರ್ಣಭೇದ ವಿರೋಧಿಸಿದ ಕಪ್ಪು ಜನರ ಮೇಲೆ ಪೊಲೀಸರ ಗೋಲಿಬಾರ್ ಆದ ಮೇಲೆ ಮಸೆಕೆಲಾ ದಕ್ಷಿಣ ಆಫ್ರಿಕಾ ಬಿಟ್ಟರು. ಮತ್ತೆ ಊರಿಗೆ ಮರಳಿದ್ದು 1990ರಲ್ಲಿ. ನಡುವೆ ಮೂವತ್ತು ವರ್ಷ. ಅಮೆರಿಕದಲ್ಲಿ ಹೆಸರಿತ್ತು, ಹಿಟ್ ಇತ್ತು. ಅದೇ ದಾರಿಯಲ್ಲಿ ಹಾಯಾಗಿ ಹೋಗಬಹುದಿತ್ತು. 70ರ ದಶಕದ ಶುರುವಿನಲ್ಲಿ ಅವರು ಅದನ್ನು ಬದಿಗಿಟ್ಟು ಆಫ್ರಿಕಾದ ಕಡೆ ಹೊರಟರು. ಸ್ವಂತ ಊರಿನ ಬಾಗಿಲು ಮುಚ್ಚಿತ್ತು. ಹಾಗಾಗಿ ಗಿನಿಗೆ ಹೋದರು, ಅಲ್ಲಿ ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಮ್ ಮಕೆಬಾ ಇದ್ದರು. ಆಮೇಲೆ ನೈಜೀರಿಯಾದ ಲೇಗೋಸ್‌ನಲ್ಲಿ ಅಲ್ಲಿನ ಹೆಸರಾಂತ ಸಂಗೀತಗಾರ ಫೇಲಾ ಕುಟಿ ಸಿಕ್ಕರು. ಘಾನಾದ ಈ ಬ್ಯಾಂಡಿನ ಜೊತೆ ಅವರನ್ನು ಸೇರಿಸಿದ್ದು ಫೇಲಾ.

ಹೆಜೊಲೆ ಸೌಂಡ್ಸ್ ಅಕ್ರಾ ನಗರದ ಹುಡುಗರ ಬ್ಯಾಂಡ್. ಫೈಸಲ್ ಹೆಲ್ವಾನಿ ಅವರ ನೆಪೋಲಿಯನ್ ಕ್ಲಬ್‌ನಲ್ಲಿ ನುಡಿಸುತ್ತಿದ್ದವರು. ಬೇಸ್ ಗಿಟಾರ್ ಹಿಡಿದವರು ಸ್ಟಾನ್ಲಿ ಟಾಡ್. ಕೊಳಲು, ಕಾಂಗಾ (ಕೈಯಲ್ಲಿ ಬಡಿಯುವ ಉದ್ದ ಡ್ರಮ್), ಹಾಡು ಮೂರಕ್ಕೂ ನ್ಯಾಟ್ ಹ್ಯಾಮಂಡ್. ರಾಕ್ ಗಿಟಾರ್‌ಗೆ ಜಾಗರ್ ಬೊಚ್‌ವೇ. ಮಾತಾಡುವ ಡೋಲು, ಅಂದರೆ ಟಾಕಿಂಗ್ ಡ್ರಮ್, ಐಸಾಕ್ ಅಸಾಂಟೆ ಕೈಯಲ್ಲಿ. ಅಕ್ರಾದ ಗಾ ಜನರ ಹಳೆಯ ಹಾಡು, ಬಡಿತಗಳನ್ನು ಎಲೆಕ್ಟ್ರಿಕ್ ಗಿಟಾರ್ ಜೊತೆ ಕೂರಿಸಿದ್ದೇ ಇವರ ದೊಡ್ಡ ಕೆಲಸ. ಮಸೆಕೆಲಾ ಬರುವ ಮೊದಲೇ ಈ ಸದ್ದು ತಯಾರಾಗಿತ್ತು. ಇದನ್ನು ಒತ್ತಿ ಹೇಳಬೇಕು. ಅವರಿಲ್ಲದೆ ಬ್ಯಾಂಡ್ ಮಾಡಿದ್ದ ರೆಕಾರ್ಡಿಂಗ್ 2010ರಲ್ಲಿ ಸೌಂಡ್‌ವೇ ಕಂಪನಿಯಿಂದ ಹೊರಬಂತು. ಅದನ್ನು ಕೇಳಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಲೇಗೋಸ್‌ನಲ್ಲಿ ರೆಕಾರ್ಡಿಂಗ್ ಆಯಿತು. ನಿರ್ಮಾಪಕ ಸ್ಟುವರ್ಟ್ ಲೆವಿನ್, ಅಮೆರಿಕದಲ್ಲಿ ಹೊರತಂದದ್ದು ಬ್ಲೂ ಥಂಬ್ ಕಂಪನಿ. ಒಟ್ಟು ಎಂಟು ಹಾಡು.

ಫ್ಯೂಷನ್ ಅಂತ ಬರುವ ಎಷ್ಟೋ ಆಲ್ಬಮ್‌ಗಳಲ್ಲಿ ಆಫ್ರಿಕಾದ ಡ್ರಮ್‌ಗೆ ಇರುವ ಜಾಗ ಊಟದ ಎಲೆಯ ಮೇಲೆ ಉಪ್ಪಿನಕಾಯಿಗೆ ಇರುವಷ್ಟೇ. ರುಚಿಗೆ ಒಂದು ಚೂರು, ಅದೂ ಮೂಲೆಯಲ್ಲಿ. ಊಟ ಬೇರೆಯವರದು. ಇಲ್ಲಿ ಹಾಗಿಲ್ಲ. ಇಲ್ಲಿ ನೆಲ ಅಕ್ರಾದವರದು. ಕಾಂಗಾ, ಟಾಕಿಂಗ್ ಡ್ರಮ್, ಬೇಸ್ ಸೇರಿ ಒಂದು ಓಟ ಹಿಡಿಯುತ್ತವೆ. ಮೇಲೆ ಹಲವು ಗಂಟಲು ಒಟ್ಟಿಗೆ ಹಾಡುತ್ತವೆ. ಕೊಳಲು ನಡುನಡುವೆ ನುಗ್ಗುತ್ತದೆ. ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದ ಸ್ಟಾರ್ ಆ ಓಟದೊಳಗೆ ತನ್ನ ಜಾಗ ಹುಡುಕಿಕೊಂಡು ನುಡಿಸುತ್ತಾನೆ, ಅದನ್ನು ನಿಲ್ಲಿಸಿ ತನ್ನ ಕಡೆ ತಿರುಗಿಸುವುದಿಲ್ಲ. 'ಲಂಗುಟಾ' ಕೇಳಿ, 'ರೆಕ್‌ಪೆಟೆ' ಕೇಳಿ. ಟ್ರಂಪೆಟ್ ಎಷ್ಟು ಹೊತ್ತು ಸುಮ್ಮನಿರುತ್ತದೆ, ಬಂದಾಗ ಎಷ್ಟು ಚುಟುಕಾಗಿ ಮಾತಾಡುತ್ತದೆ ಗಮನಿಸಿ. ದೊಡ್ಡ ಕಲಾವಿದನೊಬ್ಬ ಬೇರೆಯವರ ಸಂಗೀತವನ್ನು ಇಷ್ಟು ಮನಸ್ಸಿಟ್ಟು ಕೇಳಿಸಿಕೊಂಡಿರುವುದು ರೆಕಾರ್ಡಿನ ಮೇಲೆ ಹೀಗೆ ಗೊತ್ತಾಗುವುದು ತುಂಬಾ ಅಪರೂಪ.

ಇದನ್ನು 'ಆಫ್ರಿಕಾದವರು ಆಫ್ರಿಕಾದವರ ಜೊತೆ ನುಡಿಸಿದ್ದು, ಅದರಲ್ಲೇನು ವಿಶೇಷ' ಅನ್ನುವವರಿದ್ದಾರೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಮಸೆಕೆಲಾ ಹುಟ್ಟಿದ ವಿಟ್‌ಬ್ಯಾಂಕ್‌ಗೂ ಅಕ್ರಾಗೂ ನಾಲ್ಕು ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಭಾಷೆ ಬೇರೆ, ಬಡಿತ ಬೇರೆ. ಅವರು ಕಲ್ಲಿದ್ದಲು ಗಣಿ ಊರಿನವರು, ಜಾಝ್ ಬ್ಯಾಂಡ್‌ಗಳ ನಡುವೆ ಬೆಳೆದವರು. ಇವರು ಹೈಲೈಫ್ ಅನ್ನುವ ಘಾನಾದ ಕುಣಿತದ ಸಂಗೀತ ಮೆರೆದ ಕಡಲತೀರದ ನಗರದವರು. ಅವರಿಗೂ ಇವರಿಗೂ ನಡುವೆ ಇರುವ ಅಂತರ ಚಿಕ್ಕದೇನಲ್ಲ. ಬಿಳಿಯರು ಒಬ್ಬರಿದ್ದರೆ ಮಾತ್ರ ಅದು ಎರಡು ಸಂಸ್ಕೃತಿಗಳ ಭೇಟಿ ಅನ್ನುವ ಲೆಕ್ಕ ಯಾವ ನ್ಯಾಯ?

ಕಾಲವೂ ಕೂಡಿ ಬಂದಿತ್ತು ಅಲ್ವಾ ಅನ್ನಿಸುತ್ತದೆ. ಅದೇ 1973ರಲ್ಲಿ ಕ್ಯಾಮರೂನ್‌ನ ಸ್ಯಾಕ್ಸೊಫೋನ್ ವಾದಕ ಮನು ದಿಬಾಂಗೊ ಅವರ 'ಸೋಲ್ ಮಕೋಸಾ' ಅಮೆರಿಕದ ಹಿಟ್ ಪಟ್ಟಿಗೆ ಏರಿತ್ತು. ಘಾನಾದವರೇ ಕಟ್ಟಿದ ಒಸಿಬಿಸಾ ಬ್ಯಾಂಡ್ ಲಂಡನ್‌ನಲ್ಲಿ ಮಿಂಚುತ್ತಿತ್ತು. ಆದರೂ ಈ ಆಲ್ಬಮ್ ಪಕ್ಕಕ್ಕೆ ಉಳಿಯಿತು. ಜಾಝ್ ಅಂತ ಕೇಳಿದರೆ ಡ್ರಮ್ ಜಾಸ್ತಿ, ರಾಕ್ ಅಂತ ಕೇಳಿದರೆ ಕೊಳಲು ಜಾಸ್ತಿ, ಇನ್ನೊಂದು 'ಗ್ರೇಜಿಂಗ್' ಬೇಕು ಅಂದವರಿಗೆ ಅದು ಇಲ್ಲವೇ ಇಲ್ಲ. ಯಾವ ಕಪಾಟಿನಲ್ಲಿ ಇಡಬೇಕು ಅಂತ ಗೊತ್ತಾಗದ್ದೇ ಕಾರಣ ಅಂತ ನನ್ನ ಲೆಕ್ಕ. ರೆಕಾರ್ಡಿಂಗ್ ಅಷ್ಟು ನುಣುಪಾಗಿಲ್ಲ, ನಿಜ. ನನಗೆ ಆ ಒರಟುತನವೇ ಹಿಡಿಸಿತು.

1974ರಲ್ಲಿ ಇದೇ ಬ್ಯಾಂಡ್ ಜೊತೆ 'ಐ ಆಮ್ ನಾಟ್ ಅಫ್ರೇಡ್' ಬಂತು. ಅಲ್ಲಿ ಅಮೆರಿಕದ ಜಾಝ್ ತಂಡ ಕ್ರುಸೇಡರ್ಸ್‌ನ ಜೋ ಸ್ಯಾಂಪಲ್ ಪಿಯಾನೋಗೆ ಕೂತರು. ಜೋಹಾನ್ಸ್‌ಬರ್ಗ್ ಗಣಿಗಳಿಗೆ ಕೂಲಿಗಳನ್ನು ತುಂಬಿಕೊಂಡು ಬರುವ ರೈಲಿನ ಹಾಡು 'ಸ್ಟಿಮೆಲಾ' ಇರುವುದು ಆ ಆಲ್ಬಮ್‌ನಲ್ಲೇ. ಮಸೆಕೆಲಾ 2018ರಲ್ಲಿ ತೀರಿಕೊಂಡಾಗ ಎಲ್ಲೆಲ್ಲೂ ಆ ಹಾಡಿನ ಮಾತು ಬಂತು. ಅದರ ಹಿಂದೆ ಅಕ್ರಾದ ಹುಡುಗರ ಕೈ ಇದೆ ಅಂತ ಬರೆದವರು ನನ್ನ ಕಣ್ಣಿಗಂತೂ ಬೀಳಲಿಲ್ಲ.

ಹೊಸದಾಗಿ ಕೇಳುವವರು 'ಕಾ ಯೆ ಒಯಾ'ದಿಂದ ಶುರು ಮಾಡಿ. ಫೋನಿನ ಸ್ಪೀಕರ್ ಬೇಡ, ಬೇಸ್ ಪೂರ್ತಿ ಸತ್ತುಹೋಗುತ್ತದೆ. ಇಷ್ಟವಾದರೆ ಸೌಂಡ್‌ವೇ ತಂದ ಆಲ್ಬಮ್ ಕೂಡ ಹುಡುಕಿ, ಟ್ರಂಪೆಟ್ ಇಲ್ಲದೆಯೂ ಆ ಬ್ಯಾಂಡ್ ಎಷ್ಟು ತುಂಬಿಕೊಂಡಿದೆ ನೋಡಿ. ಮತ್ತೆ ಯಾರಿಗಾದರೂ ಲಿಂಕ್ ಕಳಿಸುವಾಗ ಸುಮ್ನೆ ಮಸೆಕೆಲಾ ಅಂತಷ್ಟೇ ಬರೆಯಬೇಡಿ. ಹೆಜೊಲೆ ಸೌಂಡ್ಸ್, ಅಕ್ರಾ ಅಂತಲೂ ಬರೆಯಿರಿ.