ಆ ಹೆಲ್ಮೆಟ್ ಸೊಟ್ಟಗೇ ಇರಬೇಕು

ಭಾನುವಾರ ಸಂಜೆ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಎರಡು ದಿನ ಸುಮ್ಮನಿದ್ದು ನೋಡಿದೆ. ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ವಸತಿ ಸಮುಚ್ಚಯದ ವಾರ್ಷಿಕೋತ್ಸವದಲ್ಲಿ ಮಕ್ಕಳ ಛದ್ಮವೇಷ ಸ್ಪರ್ಧೆ ಇತ್ತು. ಮಗಳು ಸ್ಟಾರ್ಮ್‌ಟ್ರೂಪರ್ ಹೆಲ್ಮೆಟ್, ಅಂದರೆ ಸ್ಟಾರ್ ವಾರ್ಸ್ ಸಿನಿಮಾದ ಬಿಳಿ ಕವಚದ ಸೈನಿಕರ ಹೆಲ್ಮೆಟ್, ಹಾಕಿಕೊಂಡು ವೇದಿಕೆ ಹತ್ತಿದಳು. ಅದನ್ನು ಸಿದ್ಧಪಡಿಸಲು ಮೂರು ತಿಂಗಳಿಂದ ನಮ್ಮ ಬಾಲ್ಕನಿಯೇ ಕಾರ್ಯಾಗಾರವಾಗಿತ್ತು. ತೀರ್ಪುಗಾರರೊಬ್ಬರು ಹೆಲ್ಮೆಟನ್ನು ಕೈಗೆ ತೆಗೆದುಕೊಂಡು, ಎದುರಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ಮೈಕಿನಲ್ಲಿಯೇ ಹೇಳಿದರು: "ಪ್ರಯತ್ನ ಚೆನ್ನಾಗಿದೆ ಪುಟ್ಟಾ. ಆದರೆ ಎರಡು ಕಿವಿ ಸಮನಾಗಿಲ್ಲ, ಗೆರೆಗಳೂ ಅಂಕುಡೊಂಕಾಗಿವೆ. ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯದು ಸಿಗುತ್ತದೆ."

ಅಂಗಡಿಯಲ್ಲಿ ಸಿಗುವುದರಿಂದಲೇ ನಾವು ಶುರು ಮಾಡಿದ್ದು. ಅದನ್ನು ಚಿತ್ರದಲ್ಲಿರುವ ಹಾಗೆ ಮಾಡುವುದಕ್ಕೇ ಮೂರು ತಿಂಗಳು ಹಿಡಿದದ್ದು. ಆ ಸೊಟ್ಟ ನಮ್ಮ ಕೈತಪ್ಪಿನಿಂದ ಬಂದದ್ದಲ್ಲ. 1976ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸೊಟ್ಟ ಅದು. ಅದನ್ನು ಹುಡುಕಿ, ಅಳೆದು, ಬೇಕೆಂದೇ ಮರಳಿ ತಂದಿದ್ದೇವೆ.

ಮೊದಲ ಸ್ಟಾರ್ ವಾರ್ಸ್ ಚಿತ್ರ ತೆರೆಗೆ ಬಂದದ್ದು 1977ರಲ್ಲಿ. ಅದರ ಹಿಂದಿನ ವರ್ಷ ಲಂಡನ್ನಿನ ಹೊರವಲಯದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಚಿತ್ರೀಕರಣ ನಡೆಯಿತು. ರಾಲ್ಫ್ ಮೆಕ್ವಾರಿ ಬರೆದ ವರ್ಣಚಿತ್ರಗಳಿಂದ ಜೇಡಿಮಣ್ಣಿನ ಮಾದರಿಯಾಯಿತು, ಮಾದರಿಯಿಂದ ಅಚ್ಚಾಯಿತು. ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿ ಎಳೆದು ಅದಕ್ಕೆ ಅಂಟಿಕೊಳ್ಳುವಂತೆ ಮಾಡುತ್ತಿದ್ದರು. ಮುಖದ್ದೊಂದು ತುಂಡು, ತಲೆ ಮತ್ತು ಬೆನ್ನಿನ ಕಡೆಯದೊಂದು ತುಂಡು, ಎರಡನ್ನೂ ಜೋಡಿಸಿದ ಸಂದನ್ನು ಮುಚ್ಚಲು ಎರಡು ಕಿವಿಗಳು. ಅಂಚುಗಳನ್ನು ಕೈಯಲ್ಲಿ ಕತ್ತರಿಸಿದರು, ಕಿವಿಗಳನ್ನು ಕೈಯಲ್ಲಿ ಕೂರಿಸಿ ತಿರುಪು ಹಾಕಿದರು, ಬಣ್ಣದ ಗೆರೆಗಳನ್ನು ಕೈಯಲ್ಲಿ ಎಳೆದರು. ಹಾಗಾಗಿ ಒಂದು ಹೆಲ್ಮೆಟ್ಟಿನ ಹಾಗೆ ಇನ್ನೊಂದಿಲ್ಲ. ಒಂದರಲ್ಲಿ ಕಣ್ಣಿನ ಅಂಚು ತುಸು ಅಗಲ, ಇನ್ನೊಂದರಲ್ಲಿ ಕಿವಿ ತುಸು ಓರೆ. ತೆರೆಯ ಮೇಲೆ ಸಾಲಾಗಿ ನಿಂತಾಗ ಒಂದೇ ಥರ ಕಾಣುವ ಆ ಸೈನಿಕರನ್ನು ಚಿತ್ರ ನಿಲ್ಲಿಸಿ ಒಬ್ಬೊಬ್ಬರನ್ನಾಗಿ ನೋಡಿ. ಒಬ್ಬೊಬ್ಬರದೂ ಬೇರೆ ಬೇರೆ ಮುಖ.

ಈಗ ಅಂಗಡಿಯ ಹೆಲ್ಮೆಟ್ಟಿಗೆ ಬರೋಣ. ತಯಾರಕರ ಹೆಸರು ಹೇಳುವುದಿಲ್ಲ, ಬೇಡ. ಪೆಟ್ಟಿಗೆಯ ಮೇಲೆ ಚಿತ್ರದಲ್ಲಿರುವಂತೆಯೇ ಎಂದು ಬರೆದುಕೊಂಡಿದ್ದರು. ಒಳಗಿದ್ದ ವಸ್ತುವನ್ನು ಕಂಪ್ಯೂಟರಿನಲ್ಲಿ ಅರ್ಧ ಬಿಡಿಸಿ, ಉಳಿದರ್ಧಕ್ಕೆ ಅದರದೇ ಕನ್ನಡಿ ಬಿಂಬವನ್ನು ಅಂಟಿಸಿದಂತಿತ್ತು. ಎಡ ಬಲ ಒಂದೇ. ಕಣ್ಣಿಗೆ ಕಪ್ಪು ಪ್ಲಾಸ್ಟಿಕ್. ಬಾಯಿಯ ಹಲ್ಲುಗಳು ಕತ್ತರಿಸಿದವಲ್ಲ, ಮೇಲೆ ಕಪ್ಪು ಬಳಿದವು. ಕೆನ್ನೆಯ ನೀಲಿ ಗೆರೆಗಳು ಸ್ಟಿಕರ್. ಗಲ್ಲದ ಎರಡು ಬದಿಯ ಮೈಕಿನ ತುದಿಗಳು ಗಟ್ಟಿ ಉಂಡೆಗಳು. ಮೂಲದಲ್ಲಿ ಅವು ಟೊಳ್ಳು, ಒಳಗೆ ಜಾಲರಿ ಇದೆ.

ಕಣ್ಣಿನ ವಿಷಯವನ್ನು ಸ್ವಲ್ಪ ಹೇಳಲೇಬೇಕು. ತೆರೆಯ ಮೇಲೆ ಅದು ಕಪ್ಪಾಗಿ ಕಾಣುತ್ತದೆ, ನಿಜ. ಮೂಲದಲ್ಲಿ ಅದು ಹಸಿರು. ಸಾಹಸ ದೃಶ್ಯಗಳಿಗೆಂದು ಮಾಡಿದ ಹೆಲ್ಮೆಟ್ಟುಗಳಿಗೆ ಗಾಢ ಹಸಿರಿನ ಚಪ್ಪಟೆ ಹಾಳೆಯನ್ನು ಬಗ್ಗಿಸಿ ಹಾಕಿದ್ದರು. ಹತ್ತಿರದ ದೃಶ್ಯಗಳ ಹೆಲ್ಮೆಟ್ಟುಗಳಲ್ಲಿ ಕಣ್ಣು ಗುಳ್ಳೆಯ ಹಾಗೆ ಉಬ್ಬಿಕೊಂಡಿರುತ್ತದೆ. ಈ ಎರಡು ಬಗೆಗೆ ಹಲ್ಲಿನ ಲೆಕ್ಕವೂ ಬೇರೆ: ಮೊದಲನೆಯದರಲ್ಲಿ ಪ್ರತಿ ಬದಿಗೆ ಮೂರು ಹಲ್ಲು ತೆರೆದಿರುತ್ತವೆ, ಎರಡನೆಯದರಲ್ಲಿ ನಾಲ್ಕು. ನಾವು ಆರಿಸಿಕೊಂಡದ್ದು ಮೂರು ಹಲ್ಲಿನದು. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ವೆಲ್ಡಿಂಗ್ ಮಾಡುವವರು ಬಳಸುವ ಹಸಿರು ಪ್ಲಾಸ್ಟಿಕ್ ಹಾಳೆ ಸಿಕ್ಕಿತು. ಅದನ್ನು ಕತ್ತರಿಸಿ ಒಳಗಿನಿಂದ ಕೂರಿಸಿದ ದಿನ ಮಗಳು ಹೆಲ್ಮೆಟ್ ಹಾಕಿಕೊಂಡು ಬಾಲ್ಕನಿಗೆ ಹೋದಳು. ನೆರಳಿನಲ್ಲಿ ಕಣ್ಣು ಕಪ್ಪಾಗಿಯೇ ಇತ್ತು. ಬಿಸಿಲಿಗೆ ತಿರುಗಿದಾಗ ಒಳಗೆಲ್ಲೋ ಆಳದಲ್ಲಿ ಹಸಿರು ಮಿಂಚಿತು. ಕಪ್ಪು ಪ್ಲಾಸ್ಟಿಕ್ಕಿಗೆ ಆ ಜೀವ ಎಲ್ಲಿಂದ ಬರಬೇಕು?

ಉಳಿದ ಕೆಲಸದ ವಿವರ ಕೇಳಿದವರಿಗೆ ಹೇಳುತ್ತೇನೆ. ಕಿವಿಗಳನ್ನು ಬಿಚ್ಚಿ, ತಿರುಪಿನ ತೂತುಗಳನ್ನು ಅರದಿಂದ ಉದ್ದ ಮಾಡಿ, ಚಿತ್ರದ ಸ್ಥಿರಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಹೊಸ ಜಾಗದಲ್ಲಿ ಕೂರಿಸಿದೆವು. ಎಬಿಎಸ್ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದರೆ ಒಂದು ಪೇಸ್ಟ್ ಆಗುತ್ತದೆ, ಹಳೆಯ ತೂತು ಮತ್ತು ಸಂದುಗಳಿಗೆ ಅದನ್ನೇ ತುಂಬಿದೆವು. ಪ್ಲಾಸ್ಟಿಕ್ಕೇ ಪ್ಲಾಸ್ಟಿಕ್ಕಿಗೆ ಬೆರೆಯುವುದರಿಂದ ಒಣಗಿದ ಮೇಲೆ ಬಿರುಕು ಬಿಡುವುದಿಲ್ಲ. ಬಿಸಿ ಗಾಳಿಯ ಯಂತ್ರದಿಂದ ಒಂದು ಕಣ್ಣಿನ ಕೆಳ ಅಂಚನ್ನು ತುಸು ಇಳಿಸಿದೆವು. ಹಲ್ಲುಗಳನ್ನು ಚಾಕುವಿನಲ್ಲಿ ಕತ್ತರಿಸಿ, ಸಣ್ಣ ಅರದಿಂದ ತಿದ್ದಿದವಳು ಮಗಳೇ. ಹುಬ್ಬಿಗೆ ಕಪ್ಪು ರಬ್ಬರ್ ಪಟ್ಟಿ, ಒಳಗೆಲ್ಲ ಕಪ್ಪು ಬಣ್ಣ, ಅವಳ ತಲೆಗೆ ಗಟ್ಟಿಯಾಗಿ ನಿಲ್ಲಲು ಫೋಮ್.

ಬಣ್ಣಕ್ಕೆ ಮಾತ್ರ ನನ್ನ ಕೈ ಸಾಲಲಿಲ್ಲ. ನಮ್ಮ ಬೀದಿಯ ಕೊನೆಯ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಹಿರಿಯರೊಬ್ಬರಿದ್ದಾರೆ. ಹೆಲ್ಮೆಟನ್ನು ಅವರ ಮುಂದಿಟ್ಟಾಗ ಅವರೂ ಮೊದಲು ಹೇಳಿದ್ದು, "ಮೇಡಂ, ಕಿವಿ ಓರೆಯಾಗಿದೆ, ಸರಿ ಮಾಡಿಕೊಡುತ್ತೇನೆ" ಎಂದು. ನಾನು ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ದೊಡ್ಡದು ಮಾಡಿ ನೋಡಿದರು. ಮತ್ತೆ ಹೆಲ್ಮೆಟ್ ನೋಡಿದರು. "ಓಹೋ, ಇದು ಕೈಯಲ್ಲಿ ಮಾಡಿದ್ದು" ಎಂದರು. ಅಷ್ಟೇ. ಅರ್ಧ ನಿಮಿಷ ಸಾಕಾಯಿತು ಅವರಿಗೆ. ವೇದಿಕೆಯ ಮೇಲಿದ್ದವರಿಗೆ ಆ ಅರ್ಧ ನಿಮಿಷ ಇರಲಿಲ್ಲ.

ಮೇಲ್ಮೈಗೆ ಸರ್ಫೇಸರ್ ಎಂಬ ಅಡಿಬಣ್ಣ ಹೊಡೆದು, ನೀರು ಹಾಕಿ ಉಜ್ಜುವ ವಾಟರ್ ಪೇಪರಿನಿಂದ ಒರಟಿನಿಂದ ನುಣುಪಿಗೆ 400, 800, 1200 ಎಂದು ಹಂತ ಹಂತವಾಗಿ ಉಜ್ಜಿ, ಆಮೇಲೆ ಹೊಳೆಯುವ ಬಿಳಿ ಬಣ್ಣ ಹೊಡೆದರು. ನೀಲಿ ಗೆರೆಗಳಿಗೆ ನಾನು ಅಂಟುಪಟ್ಟಿ ಹಾಗೂ ಅಳತೆಪಟ್ಟಿ ತೆಗೆದುಕೊಂಡು ಹೋಗಿದ್ದೆ. "ಇವು ಯಾಕೆ?" ಎಂದು ಪಕ್ಕಕ್ಕಿಟ್ಟರು. ಸ್ಟಿಕರ್ ಬರುವ ಮೊದಲು ಅವರು ಲಾರಿಗಳಿಗೆ ಅಕ್ಷರ ಬರೆಯುತ್ತಿದ್ದರಂತೆ. ಮುಂದೆ ದೇವರ ಹೆಸರು, ಬಾಗಿಲ ಮೇಲೆ ಮಾಲೀಕರ ಹೆಸರು, ಹಿಂದೆ ನವಿಲೋ ಕಮಲವೋ. ಬರೆದ ಅಕ್ಷರ ನೋಡಿಯೇ ಯಾವ ಊರಿನ ಯಾರ ಕೈ ಎಂದು ಹೇಳಬಹುದಿತ್ತು ಎಂದರು. ಉಸಿರು ಹಿಡಿದು, ಕಿರುಬೆರಳನ್ನು ಹೆಲ್ಮೆಟ್ಟಿಗೆ ಊರಿ, ತೆಳು ಬ್ರಷ್ಷಿನಲ್ಲಿ ಒಂದೊಂದೇ ಗೆರೆ ಎಳೆದರು. ಎಡಕ್ಕೆ ಹನ್ನೆರಡು, ಬಲಕ್ಕೆ ಹದಿಮೂರು. ಜಾಗ ಮುಗಿದಾಗ ನಿಲ್ಲಿಸಿದರು.

ಹನ್ನೆರಡು ಮತ್ತು ಹದಿಮೂರು! ತೀರ್ಪುಗಾರರು ಅದನ್ನೂ ತಪ್ಪೆಂದು ಎಣಿಸಿದ್ದಾರೆ. ಈ ವೇಷಗಳನ್ನು ನಿಖರವಾಗಿ ಕಟ್ಟುವವರ ಅಂತರರಾಷ್ಟ್ರೀಯ ಬಳಗವೊಂದಿದೆ, ಹೆಸರು 501ನೇ ಲೀಜನ್. 1997ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಈ ವೇಷ ತೊಟ್ಟು ಆಸ್ಪತ್ರೆಯ ಮಕ್ಕಳನ್ನು ನಗಿಸುತ್ತಾರೆ, ದತ್ತಿ ಕೆಲಸಗಳಿಗೆ ಹಣ ಸೇರಿಸುತ್ತಾರೆ. ಅವರಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿಲ್ಲ. ಅವರ ನಿಯಮದಲ್ಲಿಯೇ ಆ ನೀಲಿ ಗೆರೆಗಳ ಸಂಖ್ಯೆ 9ರಿಂದ 16ರವರೆಗೆ ಎಷ್ಟಾದರೂ ಇರಬಹುದು ಎಂದಿದೆ. ಏಕೆಂದರೆ ಮೂಲದಲ್ಲಿಯೇ ಎಲ್ಲರ ಕೈ ಒಂದೇ ಕಡೆ ನಿಂತಿರಲಿಲ್ಲ. 1983ರ ಮೂರನೆಯ ಚಿತ್ರದ ಹೊತ್ತಿಗೆ ಚಿತ್ರ ತಂಡದವರೂ ಕೈಬರಹ ಬಿಟ್ಟು ಸ್ಟಿಕರಿಗೆ ಹೋದರು. ನಮ್ಮ ಲಾರಿಗಳ ಹಾಗೆಯೇ. ಆ ಹೆಲ್ಮೆಟ್ಟುಗಳನ್ನೂ ಈ ಹೆಲ್ಮೆಟ್ಟುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನ್ನ ಮಾತು ಗೊತ್ತಾಗುತ್ತದೆ.

"ಸಿನಿಮಾದಲ್ಲಿ ಎರಡು ಕ್ಷಣ ಕಾಣುವ ಕಿವಿಗೆ ಇಷ್ಟು ಯಾಕೆ, ಯಾರು ಗಮನಿಸುತ್ತಾರೆ?" ಎಂದು ಸ್ನೇಹಿತೆಯೊಬ್ಬಳು ಸಮಾಧಾನ ಮಾಡಲು ಬಂದಳು. ಮಕ್ಕಳ ವೇಷ, ಖುಷಿಯಾಗಿದ್ದರೆ ಸಾಕು ಎಂದಳು. ಒಪ್ಪುತ್ತೇನೆ, ಅಂಗಡಿಯದನ್ನು ಹಾಗೆಯೇ ಹಾಕಿಕೊಂಡು ಕುಣಿದ ಮಕ್ಕಳ ಮೇಲೆ ನನಗೇನೂ ಕೋಪವಿಲ್ಲ, ಅವರ ಸಂತೋಷ ಅವರದು. ಆದರೆ ಯಾರು ಗಮನಿಸುತ್ತಾರೆ ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ತೀರ್ಪುಗಾರರು ಗಮನಿಸಿದರಲ್ಲ! ಕಿವಿ ಓರೆ ಎಂದು ಅವರಿಗೆ ಕಂಡಿತು, ಗೆರೆ ಡೊಂಕು ಎಂದು ಕಂಡಿತು. ಕಂಡದ್ದನ್ನು ಯಾಕೆ ಎಂದು ಕೇಳದೆ ತಪ್ಪು ಎಂದುಬಿಟ್ಟರು. ನನ್ನ ತಕರಾರು ಇಷ್ಟೇ.

ಆ ಚಿತ್ರ ತಂಡದವರು ಇಂಥದ್ದನ್ನು ಹೇಗೆ ನೋಡಿದರು ಗೊತ್ತೇ? ಅದೇ ಚಿತ್ರದಲ್ಲಿ ಸೈನಿಕರ ಗುಂಪೊಂದು ಕೋಣೆಗೆ ನುಗ್ಗುವಾಗ ಒಬ್ಬ ಬಾಗಿಲಿನ ಮೇಲಂಚಿಗೆ ತಲೆ ಬಡಿದುಕೊಳ್ಳುತ್ತಾನೆ. ಆ ಹೆಲ್ಮೆಟ್ಟಿನೊಳಗಿಂದ ಏನೂ ಸರಿಯಾಗಿ ಕಾಣುವುದಿಲ್ಲ, ಮಗಳನ್ನು ಕೇಳಿ. ಆ ತಪ್ಪನ್ನು ಕತ್ತರಿಸದೆ ಹಾಗೆಯೇ ಬಿಟ್ಟರು. 2004ರಲ್ಲಿ ಡಿವಿಡಿ ತಂದಾಗ ಅಲ್ಲಿಗೆ ತಲೆ ಬಡಿದ ಸದ್ದನ್ನೂ ಸೇರಿಸಿದರು.

ಇದೇ ಹೆಲ್ಮೆಟ್ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಮೂಲ ಹೆಲ್ಮೆಟ್ಟುಗಳನ್ನು ಅಚ್ಚು ಹೊಯ್ದ ಆಂಡ್ರ್ಯೂ ಐನ್ಸ್‌ವರ್ತ್ ಅವರು ಅದರ ಪ್ರತಿಗಳನ್ನು ಮಾರಲು ತೊಡಗಿದಾಗ ಚಿತ್ರದ ನಿರ್ಮಾಣ ಸಂಸ್ಥೆ ಲೂಕಾಸ್ ಫಿಲ್ಮ್ ದಾವೆ ಹೂಡಿತು. ಈ ಹೆಲ್ಮೆಟ್ ಶಿಲ್ಪವೋ ಅಲ್ಲವೋ ಎಂಬುದೇ ಪ್ರಶ್ನೆ. ಶಿಲ್ಪವಾದರೆ ಕೃತಿಸ್ವಾಮ್ಯ ದೀರ್ಘಕಾಲ ಉಳಿಯುತ್ತದೆ. 2011ರ ಜುಲೈಯಲ್ಲಿ ನ್ಯಾಯಾಲಯ ಅದು ಶಿಲ್ಪವಲ್ಲ ಎಂದಿತು. ಕಲಾಕೃತಿ ಎಂದರೆ ಸಿನಿಮಾ, ಹೆಲ್ಮೆಟ್ ಆ ಸಿನಿಮಾವನ್ನು ತಯಾರಿಸುವಾಗ ಬಳಕೆಯಾದ ಒಂದು ವಸ್ತು ಎಂಬುದು ತೀರ್ಪಿನ ಸಾರ. ಇದನ್ನು ಮೊದಲು ಓದಿದಾಗ ನನಗೆ ಬೇಸರವಾಗಿತ್ತು. ಕೆಲಸ ಮಾಡುತ್ತಾ ಮಾಡುತ್ತಾ ಅದರಲ್ಲಿ ಸತ್ಯ ಕಂಡಿತು. ಯಾರೂ ಅದನ್ನು ಪೀಠದ ಮೇಲಿಡಲು ಮಾಡಿರಲಿಲ್ಲ. ಚಿತ್ರೀಕರಣಕ್ಕೆ ಬೇಕಿತ್ತು, ಮಾಡಿದರು. ಸಾಹಸ ದೃಶ್ಯಗಳ ಹೆಲ್ಮೆಟ್ಟುಗಳು ಬಿಳಿ ಪ್ಲಾಸ್ಟಿಕ್ ಕೂಡ ಅಲ್ಲ, ಖಾಕಿ ಬಣ್ಣದ ಪ್ಲಾಸ್ಟಿಕ್ಕಿಗೆ ಮೇಲೆ ಬಿಳಿ ಬಳಿದದ್ದು. ಅದನ್ನು ನುಣುಪು ಮಾಡಿ, ಸಮ ಮಾಡಿ, ಹೊಳಪಿಸಿ ಕೊಡುವ ಅಂಗಡಿಯವರು ಯಾವುದನ್ನೋ ಉತ್ತಮಪಡಿಸಿದ್ದೇವೆ ಎಂದುಕೊಂಡಿದ್ದಾರೆ. ಅವರು ಅಳಿಸಿದ್ದು ಕೆಲಸ ಮಾಡಿದವರ ಗುರುತನ್ನು.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತನ್ನು ಮುಚ್ಚಿಡಲಾರೆ. ವೇದಿಕೆಯ ಮೇಲೆ ಮಗಳು ಸಣ್ಣ ದನಿಯಲ್ಲಿ "ಅದು ಹಾಗೆಯೇ ಇರಬೇಕು ಸರ್" ಎಂದಳು. ಮೈಕು ಅವಳ ಕೈಯಲ್ಲಿರಲಿಲ್ಲ. ಅವರು ನಕ್ಕರು, ಬೆನ್ನು ತಟ್ಟಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನಾನೂ ತಟ್ಟಿದೆ. ಎದ್ದು ನಿಂತು ಒಂದು ವಾಕ್ಯ ಹೇಳಬಹುದಿತ್ತು. ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೋ, ಬಹುಮಾನಕ್ಕಾಗಿ ಜಗಳ ಎನ್ನುತ್ತಾರೋ ಎಂದು ಸುಮ್ಮನೆ ಕುಳಿತೆ. ಹದಿನಾಲ್ಕು ವರ್ಷದ ಹುಡುಗಿ ಹೇಳಿದಳು, ನಾನು ಹೇಳಲಿಲ್ಲ. ಈ ಎರಡು ದಿನದ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದೇ.

ರಾತ್ರಿ ಊಟವಾದ ಮೇಲೆ ಅವಳು ಕೇಳಿದಳು: "ಅಮ್ಮಾ, ಕಿವಿಗಳನ್ನು ಸಮ ಮಾಡಿಬಿಡೋಣವೇ? ಮುಂದಿನ ವರ್ಷವೂ ಅವರೇ ಬರುತ್ತಾರಂತೆ." ನನಗೆ ಉತ್ತರ ಹೊರಡಲಿಲ್ಲ. ತಿರುಪುಳಿಯನ್ನು ಅವಳೇ ತಂದು ಮೇಜಿನ ಮೇಲಿಟ್ಟಿದ್ದಳು.

ಸೋಮವಾರ ಬೆಳಿಗ್ಗೆ ನೋಡಿದರೆ ತಿರುಪುಳಿ ಇಟ್ಟಲ್ಲಿಯೇ ಇತ್ತು. ಅವಳು ಹೆಲ್ಮೆಟನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು, ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು, ಚಿತ್ರವನ್ನು ನಿಲ್ಲಿಸಿ ಅಳತೆಪಟ್ಟಿ ಹಿಡಿದು ಕುಳಿತಿದ್ದಳು. ಹುಬ್ಬಿನ ರಬ್ಬರ್ ಪಟ್ಟಿಯನ್ನು ನಾವು ಎರಡೂ ಕಡೆ ಒಂದೇ ಎತ್ತರಕ್ಕೆ ಅಂಟಿಸಿದ್ದೇವೆ, ನಾವು ಆರಿಸಿಕೊಂಡ ಸೈನಿಕನದು ಒಂದು ಕಡೆ ಕೆಳಗಿದೆ ಎಂದಳು. ನೋಡಿದೆ. ಅವಳು ಹೇಳಿದ್ದು ಸರಿ. ಸಂಜೆ ಗ್ಯಾರೇಜಿಗೆ ಹೋಗಿ ಆ ಹಿರಿಯರಿಂದ ಸ್ವಲ್ಪ ಅಂಟು ತರಬೇಕು.