ಗೂಗಲ್‌ಗೂ ಮುಂಚೆ ಹುಡುಕಾಟ ಇತ್ತು

ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "1998ರಲ್ಲಿ ಗೂಗಲ್ ಬರುವವರೆಗೆ ಇಂಟರ್ನೆಟ್‌ನಲ್ಲಿ ಏನನ್ನೂ ಹುಡುಕೋಕೆ ಆಗ್ತಿರಲಿಲ್ಲ." ಇಸವಿ ಸರಿ. ಉಳಿದದ್ದು ತಪ್ಪು.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್ಟೇಜ್ 1990ರಲ್ಲೇ 'ಆರ್ಚಿ' ಕಟ್ಟಿದ್ದರು. ಆಗ ಫೈಲುಗಳು ನೂರಾರು ಎಫ್‌ಟಿಪಿ ಸರ್ವರ್‌ಗಳಲ್ಲಿ, ಅಂದರೆ ಫೈಲು ಹಂಚಲು ಇಟ್ಟ ಕಂಪ್ಯೂಟರ್‌ಗಳಲ್ಲಿ, ಚದುರಿದ್ದವು. ಆರ್ಚಿ ಅವುಗಳ ಪಟ್ಟಿ ತರಿಸಿ ಒಂದೆಡೆ ಇಡುತ್ತಿತ್ತು. ಹೆಸರು ಕೊಟ್ಟರೆ ಫೈಲು ಯಾವ ಸರ್ವರ್‌ನಲ್ಲಿದೆ ಅಂತ ಹೇಳುತ್ತಿತ್ತು. ಫೈಲಿನ ಒಳಗೆ ಏನಿದೆ ಅನ್ನುವುದು ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಕಷ್ಟವೇ. 1991ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ 'ಗೋಫರ್' ಬಂತು. ಮೆನುವಿನಿಂದ ಮೆನುಗೆ ಇಳಿಯುತ್ತಾ ಬೇಕಾದ್ದನ್ನು ತಲುಪಬಹುದಿತ್ತು. ಆ ಮೆನುಗಳಲ್ಲೇ ಹುಡುಕಲು 1992ರಲ್ಲಿ 'ವೆರೋನಿಕಾ' ಬಂತು.

ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ನಮ್ಮ ದೇಶದ ಜನರಿಗೆ ಇಂಟರ್ನೆಟ್ ಕೊಟ್ಟಿತು. ಮೊದಲು ಸಿಕ್ಕ ಊರುಗಳಲ್ಲಿ ಮುಂಬೈಯೂ ಒಂದು. ಆ ಹೊತ್ತಿಗೆ ಯಾಹೂ ಇತ್ತು. ಅದು 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ ಪಟ್ಟಿ. ಮನುಷ್ಯರೇ ತಾಣಗಳನ್ನು ನೋಡಿ, ವಿಷಯವಾರು ಜೋಡಿಸುತ್ತಿದ್ದರು. ಈ ದುಡಿಮೆಯನ್ನು ಮರೆಯಬಾರದು ಅನ್ನುವುದೇ ನನ್ನ ಕಳಕಳಿ. 1995ರ ಡಿಸೆಂಬರ್‌ನಲ್ಲಿ ಬಂದ ಆಲ್ಟಾವಿಸ್ಟಾ, ಪುಟಗಳ ಒಳಗಿನ ಪದಗಳನ್ನೂ ಹುಡುಕಿ ಕೊಡುತ್ತಿತ್ತು.

ಹಾಗಾದರೆ ಗೂಗಲ್ ಮಾಡಿದ್ದೇನು? ಒಂದು ಪುಟಕ್ಕೆ ಎಷ್ಟು ಪುಟಗಳು ಕೊಂಡಿ ಕೊಟ್ಟಿವೆ, ಆ ಪುಟಗಳಿಗೆ ಎಷ್ಟು ತೂಕವಿದೆ ಅಂತ ಲೆಕ್ಕ ಹಾಕಿತು. ಅದರಿಂದ ಒಳ್ಳೆಯ ಉತ್ತರಗಳು ಜಾಸ್ತಿ ಸಲ ಮೇಲೆ ಬಂದವು.